ಬಾಗಿಲಿನಿಂದ ಮೊದಲು ಹೊರಬಂದವಳು

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ತಪ್ಪಿರಬಹುದು. ನಮ್ಮ ನಾಯಿಯ ಬಣ್ಣ ಕಂದು ಎಂದು ನನ್ನ ನೆನಪು. ಅಮ್ಮ ಕಪ್ಪು ಎನ್ನುತ್ತಿದ್ದಳು. ಗಣಿಯಲ್ಲಿ ಆ ಏರ್‌ಬ್ಲಾಸ್ಟ್ ಆದದ್ದು ಬೇಸಿಗೆಯಲ್ಲೋ ಕ್ರಿಸ್‌ಮಸ್ ಹತ್ತಿರವೋ, ಅದೂ ಗಟ್ಟಿಯಿಲ್ಲ. ಐವತ್ತರ ದಶಕದ ನಡುವಿನ ಒಂದು ವರ್ಷ, ನನಗಾಗ ಒಂಬತ್ತೋ ಹತ್ತೋ. ದಿನಚರಿ ಬರೆಯುವ ಅಭ್ಯಾಸ ಹಿಡಿದದ್ದು ಕಾಲೇಜಿಗೆ ಸೇರಿದ ಮೇಲೆ. ಆ ದಿನ ಅದಕ್ಕಿಂತ ಎಷ್ಟೋ ಹಿಂದಿನದು. ಮನೆಯಲ್ಲಿ ಆ ದಿನದ ಮಾತು ಎಷ್ಟು ಸಲ ಬಂದಿದೆಯೆಂದರೆ, ನಾನು ಕಣ್ಣಾರೆ ಕಂಡದ್ದು ಯಾವುದು, ಕೇಳಿ ಕೇಳಿ ಕಂಡಂತಾದದ್ದು ಯಾವುದು ಎಂದು ಬೇರೆ ಮಾಡಲಾರೆ. ಒಂದನ್ನು ಮಾತ್ರ ಬಿಟ್ಟುಕೊಡಲು ಮನಸ್ಸಿಲ್ಲ. ಹಿತ್ತಾಳೆ ಚೊಂಬು ನನ್ನ ಕೈಯಲ್ಲಿತ್ತು.

ಅಪ್ಪ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯೊಳಗೆ ಸುರಂಗಗಳಿಗೆ ಮರದ ಆಸರೆ ನಿಲ್ಲಿಸುವ ತಂಡದ ಮೇಸ್ತ್ರಿ. ತಾತನ ಕಾಲದಲ್ಲಿ ಕ್ಯಾಸಂಬಳ್ಳಿ ಕಡೆಯ ಹಳ್ಳಿಯಿಂದ ಬಂದವರು ನಾವು. ಕ್ರೈಸ್ತರಾದದ್ದೂ ತಾತನ ಕಾಲದಲ್ಲೇ. ಕಂಪನಿ ಕಟ್ಟಿಸಿದ ಲೈನ್ ಮನೆಗಳಲ್ಲಿ ನಮ್ಮದೊಂದು. ಒಂದು ಮುಂದಿನ ಕೋಣೆ, ಒಂದು ಅಡುಗೆ ಕೋಣೆ, ಬಾಗಿಲೆದುರಿಗೆ ಮೊಳಕಾಲುದ್ದದ ತಡಿಕೆ ಬೇಲಿ, ಅದಕ್ಕೊಂದು ಗೇಟು, ಆಚೆ ಬೀದಿಯ ಚರಂಡಿ. ಅಕ್ಕಪಕ್ಕದಲ್ಲಿ ತಮಿಳರು, ಹಿಂದಿನ ಸಾಲಿನಲ್ಲಿ ತೆಲುಗರು. ಒಂದೇ ಜಗಳವನ್ನು ಮೂರು ಭಾಷೆಯಲ್ಲಿ ಆಡುವುದು ನಮ್ಮ ಬೀದಿಯ ಮಕ್ಕಳೆಲ್ಲರಿಗೂ ಬರುತ್ತಿತ್ತು.

ಭಾನುವಾರದ ದೇವಾಲಯ ಬೇರೆ. ಅದಲ್ಲದೆ ಕೆಲವು ಮನೆಯವರು ಸೇರಿ ನಮ್ಮ ಮುಂದಿನ ಕೋಣೆಯಲ್ಲಿ ಪ್ರಾರ್ಥನೆ ನಡೆಸುತ್ತಿದ್ದರು. ಆ ಕೂಟಕ್ಕೆ ಎರಡು ಕಟ್ಟಳೆಗಳಿದ್ದವು. ಸತ್ಯವೇದವನ್ನು ಮೊದಲ ಪುಟದಿಂದ ಸಾಲಾಗಿ ಓದಬೇಕು, ದಿನಕ್ಕೊಂದು ಅಧ್ಯಾಯ. ಶುರು ಮಾಡಿದ ಅಧ್ಯಾಯವನ್ನು ನಡುವೆ ನಿಲ್ಲಿಸಕೂಡದು, ಯಾವುದನ್ನೂ ಹಾರಿಸಕೂಡದು. ಇನ್ನೊಂದು, ದೇವರನ್ನು ಏನೇ ಕೇಳುವುದಿದ್ದರೂ ಅದರೊಳಗಿನ ಮಾತಿನಲ್ಲೇ ಕೇಳಬೇಕು. "ನಮ್ ಮಾತಲ್ಲಿ ಕಸ ಇರ್ತೈತೆ. ದೇವ್ರ ಮುಂದೆ ಕಸ ಸುರೀಬಾರ್ದು," ಎನ್ನುತ್ತಿದ್ದ ಅಪ್ಪ. ಮಳೆಗೆ ಪ್ರವಾದಿಯ ಮಾತು, ಪರೀಕ್ಷೆಗೆ ಜ್ಞಾನ ಬೇಡಿದ ರಾಜನ ಮಾತು. ಅಕ್ಕನಿಗೆ ಹಲ್ಲುನೋವು ಬಂದಾಗ ಅದಕ್ಕೆ ತಕ್ಕ ವಾಕ್ಯ ಸಿಗದೆ ಅಮ್ಮ ಸಂಜೆಯೆಲ್ಲ ಪುಟ ತಿರುವಿ, ಕೊನೆಗೆ ಲವಂಗ ಇಟ್ಟಳು.

ಬರೆದಿರುವುದು ಬರೆದ ಹಾಗೇ ನಿಜ ಎಂಬುದರಲ್ಲಿ ನಮಗೆ ಮಕ್ಕಳಿಗೂ ಅನುಮಾನವಿರಲಿಲ್ಲ. ಬೋಳುತಲೆಯ ಪ್ರವಾದಿಯನ್ನು ಗೇಲಿ ಮಾಡಿದ ಹುಡುಗರನ್ನು ಕರಡಿಗಳು ಸೀಳಿಹಾಕಿದ ಅಧ್ಯಾಯ ಓದಿದ ಮೇಲೆ, ಎದುರುಮನೆಯ ಬೋಳುತಲೆಯ ತಾತ ಬೀದಿಗೆ ಬಂದರೆ ನಾನು ಬಾಯಿಗೆ ಲಂಗದ ತುದಿ ತುರುಕಿಕೊಳ್ಳುತ್ತಿದ್ದೆ. ಅಕ್ಕ ನನಗಿಂತ ಐದಾರು ವರ್ಷ ದೊಡ್ಡವಳು, ಅವಳಿಗೆ ಅಷ್ಟು ಭಯವಿರಲಿಲ್ಲ. "ಬೇತಮಂಗಲದ ಕೆರೆ ದಾಟಿ ಕರಡಿ ಬರೋ ಒತ್ಗೆ ನಾವು ಮನೆ ಸೇರ್ಕೋಬೋದು ಬಾರೇ," ಎನ್ನುತ್ತಿದ್ದಳು.

ಇನ್ನೊಂದು ಪದ್ಧತಿ ಲೈನಿನ ಎಲ್ಲ ಮನೆಗಳದೂ. ಗಣಿಯಿಂದ ಬಂದ ಗಂಡಸು ಮುಖ ಕಾಲು ತೊಳೆಯದೆ ಹೊಸ್ತಿಲು ದಾಟುವಂತಿಲ್ಲ. ಮನೆಯಲ್ಲಿದ್ದವರು ಚೊಂಬಿನಲ್ಲಿ ನೀರು ತಂದು ಗೇಟಿನ ಹತ್ತಿರ ಕೊಡಬೇಕು. ನಮ್ಮಲ್ಲಿ ಅದನ್ನು ಮಾಡುತ್ತಿದ್ದವಳು ಅಮ್ಮ. ಅವಳಿಗಿಂತ ಮುಂದಾಗಿ, ದಿನವೂ, ಬಾಗಿಲಿನಿಂದ ಓಡಿ ಬರುತ್ತಿದ್ದದ್ದು ನಾಯಿ.

ಏರ್‌ಬ್ಲಾಸ್ಟ್ ಎಂದರೆ ಆಳದಲ್ಲಿ ಬಂಡೆ ತಾನಾಗಿ ಸಿಡಿಯುವುದು. ಸಣ್ಣವು ಎಷ್ಟೋ ಆಗುತ್ತಿದ್ದವು. ತಟ್ಟೆಗಳು ಗಲಗಲ ಅಂದರೆ ಅಮ್ಮ ತಲೆ ಎತ್ತಿ, ಮತ್ತೆ ಅಕ್ಕಿ ಆರಿಸುತ್ತಿದ್ದಳು. ಆ ಬೆಳಿಗ್ಗೆಯದು ಹಾಗಿರಲಿಲ್ಲ. ಹಲಗೆಯ ಮೇಲಿನ ಪಾತ್ರೆಯೆಲ್ಲ ನೆಲಕ್ಕೆ ಬಂತು. ನಾಯಿ ಸೌದೆ ರಾಶಿಯ ಹಿಂದೆ ಹೊಕ್ಕಿತು. ಅಮ್ಮ ಸೆರಗು ಹೊದ್ದು, ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಡಿದಳು. ಲೈನಿನ ಹೆಂಗಸರೆಲ್ಲ ಓಡಿದರು. ಆ ದಿನ ಅಪ್ಪ ಬರಲಿಲ್ಲ. ಅವನ ತಂಡದ ಹಿಂದೆ ದಾರಿ ಮುಚ್ಚಿಹೋಗಿದೆ ಎಂದು ಯಾರೋ ಬಂದು ಹೇಳಿದರು. ಅಮ್ಮ ಶಾಫ್ಟಿನ ಹತ್ತಿರವೇ ಕೂತಳು, ನಮ್ಮನ್ನು ನೋಡಿಕೊಳ್ಳಲು ಪಕ್ಕದ ಮನೆಯ ತಮಿಳು ಅಮ್ಮ ಬಂದಳು.

ಮರುದಿನ ಬಿಸಿಲು ನೆತ್ತಿಗೇರಿದ ಹೊತ್ತು. ಸಿಕ್ಕಿಬಿದ್ದವರನ್ನು ಬೇರೊಂದು ಶಾಫ್ಟಿನಿಂದ ಮೇಲೆ ತಂದಿದ್ದರು. ಅದು ಗೊತ್ತಿಲ್ಲದ ಅಮ್ಮ ಮೊದಲಿನ ಶಾಫ್ಟಿನ ಬಳಿಯೇ ಕಾಯುತ್ತಿದ್ದಳು. ನಾನು ಚರಂಡಿಯ ಚಪ್ಪಡಿಯ ಮೇಲಿದ್ದೆ. ಅಕ್ಕ ಒಳಗೆ ರಾಗಿ ಹಿಟ್ಟು ತೊಳಸುತ್ತಿದ್ದಳು. ನಾಯಿ ಸೌದೆ ರಾಶಿಯ ಹಿಂದಿನಿಂದ ಇನ್ನೂ ಹೊರಬಂದಿರಲಿಲ್ಲ. ಅಪ್ಪ ಬಂದರೆಂದು ಪಕ್ಕದ ಮನೆಯ ಅಮ್ಮ ಬೀದಿಯ ಕೊನೆಯಿಂದ ತಮಿಳಿನಲ್ಲಿ ಕೂಗಿದಳು, "ಅಪ್ಪಾ ವಂದುಟ್ಟಾರು ಡೀ, ಅಪ್ಪಾ ವಂದುಟ್ಟಾರು!"

ಇಲ್ಲಿಂದ ಮುಂದಿನದು ನನಗೆ ಚೂರು ಚೂರಾಗಿದೆ. ಅಪ್ಪ ಬಿಳಿ ಧೂಳಿನ ಗೊಂಬೆಯ ಹಾಗೆ ಗೇಟಿನಲ್ಲಿ ನಿಂತಿದ್ದಾನೆ. ಚೊಂಬು ನನ್ನ ಕೈಯಲ್ಲಿದೆ, ನೀರು ತುಳುಕಿ ನನ್ನ ಪಾದದ ಮೇಲೆ ಬೀಳುತ್ತಿದೆ, ತಣ್ಣಗಿದೆ. ಅಕ್ಕ ಬಾಗಿಲಿನಲ್ಲಿದ್ದಾಳೆ, ಕೈಯಲ್ಲಿ ಹಿಟ್ಟಿನ ಕೋಲು. ಅಪ್ಪ ನನ್ನನ್ನು ನೋಡುತ್ತಿಲ್ಲ, ನನ್ನ ತಲೆಯ ಮೇಲಿಂದ ಅವಳನ್ನು ನೋಡುತ್ತಿದ್ದಾನೆ. ಆಮೇಲೆ ಅವನು ಬೀದಿಯಲ್ಲೇ ಕುಸಿದು ಕೂತ. ಕಾಲಲ್ಲಿ ತ್ರಾಣವಿಲ್ಲ ಎಂದುಕೊಂಡೆವು.

ಕೆಲವು ದಿನ ಅವನು ಪ್ರಾರ್ಥನೆಗೆ ಕೂರಲಿಲ್ಲ. ಮೈ ಸರಿಯಿಲ್ಲ ಎಂದು ಕೂಟದವರು ಬಂದು ಹೋದರು. ಒಂದು ಸಂಜೆ ನಾವು ನಾಲ್ವರೇ ಇದ್ದಾಗ ಅಮ್ಮ ಪುಸ್ತಕ ತಂದು ಮುಂದಿಟ್ಟಳು. ನ್ಯಾಯಸ್ಥಾಪಕರ ಭಾಗ ನಡೆಯುತ್ತಿತ್ತು. ಅಪ್ಪ ಅದನ್ನು ಮುಟ್ಟಲಿಲ್ಲ.

"ಕೆಳಗೆ ಕತ್ಲಲ್ಲಿ ನಾನೊಂದು ಅರ್ಕೆ ಒತ್ಕಂಡೆ," ಅಂದ.

"ಏನಂತ?" ಅಮ್ಮ ಕೇಳಿದಳು.

"ಅದ್ರ ಮುಂಚಿನ್ ದಿನ ಸಂಜೆ ಓದಿದ್ವಲ್ಲ, ಅದೇ ಬಾಯಿಗೆ ಬಂತು. ಬ್ಯಾರೆ ಯಾವ ಮಾತೂ ಬರ್ಲಿಲ್ಲ ಕಣೇ."

ಏರ್‌ಬ್ಲಾಸ್ಟಿನ ಹಿಂದಿನ ಸಂಜೆ ನಾವು ಓದಿದ್ದು ಯುದ್ಧಕ್ಕೆ ಹೊರಟ ಒಬ್ಬ ಸೇನಾಪತಿಯ ಕಥೆ. ಗೆದ್ದು ಬಂದರೆ, ನನ್ನನ್ನು ಎದುರುಗೊಳ್ಳಲು ನನ್ನ ಮನೆಯ ಬಾಗಿಲಿನಿಂದ ಯಾರು ಮೊದಲು ಹೊರಬರುತ್ತಾರೋ ಅವರನ್ನು ನಿನಗೆ ಹೋಮವಾಗಿ ಕೊಡುತ್ತೇನೆ ಎಂದು ಅವನು ದೇವರಿಗೆ ಹರಕೆ ಹೊರುತ್ತಾನೆ. ಗೆಲ್ಲುತ್ತಾನೆ. ಬಾಗಿಲಿನಿಂದ ಕುಣಿಯುತ್ತ ಬರುವವಳು ಅವನ ಒಬ್ಬಳೇ ಮಗಳು.

ಅಮ್ಮ ಎದ್ದು ನಿಂತಳು. "ಅದ್ರಲ್ಲಿ ಆ ಯಪ್ಪ ಮಗಳ್ನೇ ಸುಟ್ನಲ್ರೀ!"

"ಸುಡ್ತೀನಿ ಅನ್ಲಿಲ್ಲ. ಆ ಮಾತು ಬಿಟ್ಟೆ. ಮದ್ವೆ ಮನೆ ಬ್ಯಾಡ, ನಿನ್ ಕೆಲ್ಸಕ್ಕೆ ನಿನ್ನೋರಾಗಿ ಇರ್ಲಿ ಅಂದೆ."

"ದಿನಾ ಚೊಂಬು ಇಡ್ಕಂಡು ಬರೋಳು ನಾನು. ನನ್ನ ಕೊಟ್ರಾ ನೀವು?"

ಅಪ್ಪ ನೆಲ ನೋಡಿದ. "ನಾಯಿ ಬತ್ತದೆ ಅಂದ್ಕಂಡೆ," ಅಂದ.

ಅಮ್ಮನಿಗೆ ನಗು ಬಂತು. ಬಾಯಿ ಮುಚ್ಚಿಕೊಂಡು ಅವಳು ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ನನಗೆ ಅದರಿಂದ ಭಯವಾಯಿತು. "ದೇವ್ರಿಗೆ ನಾಯಿ ಕೊಡಕ್ಕೋಗಿದ್ರಾ! ಅವ್ನಿಗೆ ಗೊತ್ತಾಗಲ್ವಾ?" ಎಂದು ನಗುತ್ತಲೇ ಅತ್ತಳು.

ನಾನೇ ಮೊದಲು ಬಂದದ್ದು ಎಂದು ಆಗ ನಾನು ಹೇಳಿದೆ. ಹೇಳಿದೆನೆಂದು ನನ್ನ ನೆನಪು.

"ನೀನು ಬೀದೀಲಿದ್ದೆ ಮಗಾ," ಅಪ್ಪ ಮೆತ್ತಗೆ ಅಂದ. "ಬಾಗ್ಲಿಂದ ಬಂದೋಳು ನಿಮ್ಮಕ್ಕ. ಮಾತು ಬಾಗ್ಲಿಂದ ಅಂತ ಐತೆ."

ಅಕ್ಕ ಚಿಮಣಿ ದೀಪದ ಬತ್ತಿ ಸರಿಮಾಡಿದಳು.

ಸಭೆಯ ಅಯ್ಯನವರನ್ನು ಅಮ್ಮ ಕರೆಸಿದಳು. ಒಳ್ಳೆಯ ಮನುಷ್ಯ, ದೇವಾಲಯದಲ್ಲಿ ಅವರ ಉಪದೇಶ ಎಂದೂ ಉದ್ದವಾಗುತ್ತಿರಲಿಲ್ಲ. ಆ ಸೇನಾಪತಿಯ ಹರಕೆಯನ್ನು ದೇವರು ಕೇಳಿರಲಿಲ್ಲ, ಅದು ಅವಸರಗೇಡಿಯೊಬ್ಬನ ಕಥೆ, ಹಾಗೆ ಮಾಡಬೇಡಿ ಎಂದೇ ಅದನ್ನು ಬರೆದಿಟ್ಟಿದೆ ಎಂದು ಅವರು ವಿವರಿಸಿದರು. ಅಪ್ಪ ಕೈಕಟ್ಟಿ ಕೇಳಿದ. "ಅಂಗಂತ ಎಲ್ಲಿ ಬರ್ದದೆ ಅಯ್ಯನವರೇ?" ಅಂದ. ಅವರು ಪುಟ ತಿರುವಿದರು. ಅಪ್ಪ ಮತ್ತೆ, "ಬಾಯ್ತೆರೆದ ಮ್ಯಾಲೆ ಇಂದಕ್ಕೆ ತಗಳಕ್ಕಾಗಲ್ಲ ಅಂತ ಆ ಮನುಷ್ಯನೇ ಅಳ್ತಾ ಏಳ್ತಾನಲ್ಲ, ಅದು ಬರ್ದದೆ," ಅಂದ.

ಅಪ್ಪ ಕ್ರೂರಿಯಾಗಿದ್ದರೆ ನಮಗೆ ಸುಲಭವಾಗುತ್ತಿತ್ತು. ಅವನು ಆಮೇಲೆ ಅಕ್ಕನ ಎದುರಿಗೆ ಊಟಕ್ಕೆ ಕೂರುವುದನ್ನೇ ಬಿಟ್ಟ. ಬಜಾರಿನಿಂದ ಅವಳಿಗೆ ಬಳೆ ತರುವುದನ್ನು ನಿಲ್ಲಿಸಿದ, ನನಗೂ ತರಲಿಲ್ಲ. ಅವಳನ್ನು ಬೈಯಲಿಲ್ಲ, ಕೂಗಲಿಲ್ಲ. ಬೇರೆಯವರ ವಸ್ತುವನ್ನು ಮನೆಯಲ್ಲಿಟ್ಟುಕೊಂಡವರ ಹಾಗೆ ಜೋಪಾನವಾಗಿ ನಡೆದುಕೊಂಡ. ಆ ಕಥೆಯ ಹುಡುಗಿ ಗೆಳತಿಯರ ಜೊತೆ ಬೆಟ್ಟಕ್ಕೆ ಹೋಗಿ ಅಳಲು ಅಪ್ಪಣೆ ಕೇಳುತ್ತಾಳೆ. ಅಕ್ಕ ಒಮ್ಮೆ ಬಟ್ಟೆ ಒಗೆಯುತ್ತ, "ನಮ್ಮೂರಾಗೆ ಬೆಟ್ಟ ಎಲ್ಲೈತೆ, ಸೈನೈಡ್ ದಿಬ್ಬ ಅತ್ತಿ ಅಳ್ಬೇಕಷ್ಟೆ. ಗಾಳಿ ಬೀಸಿದ್ರೆ ಅಂಗೇ ಕಣ್ಣಲ್ಲಿ ನೀರು, ಸುಲಭ," ಅಂದಳು. ಚಿನ್ನ ತೆಗೆದ ಮೇಲೆ ಉಳಿದ ಬೂದುಮಣ್ಣಿನ ದಿಬ್ಬಗಳವು. ಗಾಳಿಗೆ ಲೈನೆಲ್ಲ ಆ ಧೂಳೇ.

ಅರವತ್ತರ ದಶಕ ಶುರುವಾಗುವ ಹೊತ್ತಿಗೆ ಅಕ್ಕ ಹೊಲಿಗೆ ಕಲಿಯಲು ಬಂಗಾರಪೇಟೆಗೆ ರೈಲಿನಲ್ಲಿ ಹೋಗಿ ಬರುತ್ತಿದ್ದಳು. ಅಲ್ಲಿ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತನೊಬ್ಬನಿದ್ದ, ನಮ್ಮ ಸಭೆಯವನೇ. ಅಕ್ಕ ಹೇಳಿ ನಕ್ಕದ್ದು ಇದು: ಅವನು ದಿನವೂ ಕಿಂಡಿಯೊಳಗಿನಿಂದ, "ಬರೀ ಓಗಕ್ಕಾ, ವಾಪಸ್ ಬರಕ್ಕೂನಾ?" ಎನ್ನುತ್ತಿದ್ದನಂತೆ. ಇವಳು "ಚಾಂಪಿಯನ್‌ಗೆ" ಅಷ್ಟೇ ಎನ್ನುತ್ತಿದ್ದಳಂತೆ. ಒಂದು ದಿನ, "ವಾಪಸ್ ಬರಕ್ಕೂ," ಅಂದುಬಿಟ್ಟಳಂತೆ. ಅದಾದ ಸ್ವಲ್ಪ ದಿನಕ್ಕೆ ಅವನ ತಾಯಿ ನಮ್ಮ ಮನೆಗೆ ಬಂದರು. ಉಪ್ಪಿಟ್ಟು ತಿಂದರು, ಅಕ್ಕನ ಹೊಲಿಗೆ ನೋಡಿದರು, ವಿಷಯ ತೆಗೆದರು.

ಅಪ್ಪ ಕೈ ಮುಗಿದ. "ಕೊಡಕ್ಕೆ ಅವಳು ನನ್ನೋಳಲ್ಲ ತಾಯಿ," ಅಂದ.

ನಾನು ಆಗ ಬೆಂಗಳೂರಿನಲ್ಲಿ ಕಾಲೇಜು ಓದುತ್ತಿದ್ದೆ. ಕಂಪನಿ ಕೊಡುತ್ತಿದ್ದ ವಿದ್ಯಾರ್ಥಿವೇತನ ನನ್ನನ್ನು ಅಲ್ಲಿಗೆ ತಲುಪಿಸಿತ್ತು. ಅಮ್ಮ ಯಾರ ಕೈಯಲ್ಲೋ ಹೇಳಿಕಳಿಸಿದ ಈ ಸುದ್ದಿ ಬಂದ ದಿನ ಹಾಸ್ಟೆಲಿನಲ್ಲಿ ಕೂತು ಸತ್ಯವೇದವನ್ನು ಹುಡುಕತೊಡಗಿದೆ. ಅಪ್ಪನನ್ನು ಅಯ್ಯನವರ ವಿವರಣೆ ಕದಲಿಸದು, ಬರೆದ ಮಾತೇ ಬೇಕು. ಯಾಜಕಕಾಂಡದ ಕೊನೆಯ ಅಧ್ಯಾಯದಲ್ಲಿ ಸಿಕ್ಕಿತು. ದೇವರಿಗೆ ಹರಕೆ ಹೊತ್ತ ಮನುಷ್ಯರನ್ನು ಗಂಡಿಗೆ ಇಷ್ಟು, ಹೆಣ್ಣಿಗೆ ಇಷ್ಟು ಎಂದು ಬೆಲೆ ಕಟ್ಟಿ ಬಿಡಿಸಿಕೊಳ್ಳಬಹುದು. ಬಡವನಾದರೆ ಯಾಜಕನೇ ಅವನ ಶಕ್ತಿಗೆ ತಕ್ಕಂತೆ ಕಡಿಮೆ ಮಾಡುತ್ತಾನೆ. ಅಷ್ಟು ಸ್ಪಷ್ಟವಾಗಿ ಬರೆದಿತ್ತು. ನಾನು ಆ ವಾರವೇ ರೈಲು ಹತ್ತಿದೆ.

ಅಪ್ಪ ಶಿಫ್ಟು ಮುಗಿಸಿ, ಮುಖ ತೊಳೆದು ಕೂತಿದ್ದ. ಪುಸ್ತಕ ತೆರೆದು ಅವನ ತೊಡೆಯ ಮೇಲಿಟ್ಟೆ. ಅವನು ಕನ್ನಡಕ ಹಾಕಿಕೊಂಡು ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದ. ಅಮ್ಮ ಅಡುಗೆ ಕೋಣೆಯ ಬಾಗಿಲಿಗೆ ಬಂದಳು. ಅಕ್ಕ ಹೊಲಿಗೆ ಮೆಷಿನ್ ನಿಲ್ಲಿಸಿದಳು. ಬಿಡಿಸಿಕೊಳ್ಳುವ ಮಾತು ಬಂದಾಗ ಅಪ್ಪ ಆ ಸಾಲನ್ನು ಎರಡನೇ ಸಲ ಓದಿದ, ಕಣ್ಣೆತ್ತಿ ಅಕ್ಕನನ್ನು ನೋಡಿದ. ಎಷ್ಟೋ ವರ್ಷದ ಮೇಲೆ ಅವನು ಅವಳನ್ನು ಹಾಗೆ ನೋಡಿದ್ದು. ಅವನಿಗೂ ಬೇಕಾಗಿದ್ದದ್ದು ಇದೇ ಎಂದು ನನಗೆ ಗೊತ್ತಾಯಿತು.

"ಸಾಕು ಅಪ್ಪ, ಅಷ್ಟೇ ಅದು," ಅಂದೆ.

"ಅಧ್ಯಾಯ ಮುಗೀಲಿ ಮಗಾ."

ನಡುವೆ ನಿಲ್ಲಿಸುವುದು ನಮ್ಮಲ್ಲಿಲ್ಲ. ಅವನು ಮನೆಗಳ ಹರಕೆ, ಹೊಲಗಳ ಹರಕೆ, ದನಗಳ ಹರಕೆ ಎಲ್ಲವನ್ನೂ ಓದಿದ. ನಾನು ಹಾಸ್ಟೆಲಿನಲ್ಲಿ ಆ ಪುಟದ ಕೆಳಭಾಗವನ್ನು ಓದಿಯೂ ಓದದವಳಂತೆ ದಾಟಿದ್ದೆ. ಅಪ್ಪನ ಬೆರಳು ಅಲ್ಲಿಗೆ ಬಂತು: ಒಬ್ಬನು ಪೂರ್ತಿಯಾಗಿ ಕರ್ತನಿಗೆಂದು ಕೊಟ್ಟುಬಿಟ್ಟದ್ದು ಮನುಷ್ಯನಾಗಲಿ, ಪಶುವಾಗಲಿ, ಹೊಲವಾಗಲಿ, ಅದನ್ನು ಮಾರಲೂ ಕೂಡದು, ಬಿಡಿಸಿಕೊಳ್ಳಲೂ ಕೂಡದು. ಆ ಸಾಲನ್ನು ಅವನು ಒಂದೇ ಸಲ ಓದಿದ. ಅಧ್ಯಾಯ ಮುಗಿಸಿದ. ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟ.

"ನಾನು ಪೂರ್ತಿಯಾಗೇ ಕೊಟ್ಟಿದ್ದು," ಅಂದ. ಯಾರಿಗೋ ಕ್ಷಮೆ ಕೇಳುವವನ ದನಿ.

ಮೆಷಿನ್ ಮತ್ತೆ ಶುರುವಾಯಿತು.

ಮರುದಿನ ನಲ್ಲಿಯ ಹತ್ತಿರ ಸಾಲಿನಲ್ಲಿ ನಿಂತಾಗ ಅಕ್ಕನಿಗೆ ಹೇಳಿದೆ, ಅಪ್ಪನನ್ನು ಕೇಳುವುದೇ ಬೇಡ, ಆ ಗುಮಾಸ್ತನ ಜೊತೆ ಬೆಂಗಳೂರಿಗೆ ಹೋಗಿ ಮದುವೆಯಾಗು, ನಾನಿರುತ್ತೇನೆ.

"ಆಗ್ತೀನಿ. ಆವತ್ತೂ ಅಪ್ಪ ಗಣಿಗೆ ಕೇಜಲ್ಲಿ ಇಳೀತಾನಲ್ಲೇ," ಅಂದಳು ಅಕ್ಕ. "ನಾನು ಮದ್ವೆ ಸೀರೆ ಉಟ್ಕಂಡಿರೋ ಒತ್ನಲ್ಲಿ ತಟ್ಟೆ ಗಲಗಲ ಅಂದ್ರೆ?"

"ಅದು ಬಂಡೆಯ ಒತ್ತಡ ಅಕ್ಕ. ಹರಕೆಗೂ ಅದಕ್ಕೂ ಏನು ಸಂಬಂಧ?"

"ನೀನು ಓದ್ದೋಳು, ನಿಂಗದು ಬಂಡೆ. ನಂಗೆ ಅಪ್ಪ." ಬಿಂದಿಗೆ ಎತ್ತಿ ಸೊಂಟಕ್ಕಿಟ್ಟಳು. "ಮುಂದೆ ಓಗೇ, ನಿನ್ ಸರ್ತಿ ಬಂತು."

ನಂಬಿಕೆ ಹೋಯಿತು ಎಂದು ನನ್ನ ಓರಗೆಯವರು ಹೇಳುವಾಗ, ಕೊಡೆ ಮರೆತು ಬಂದಷ್ಟು ಹಗುರವಾಗಿ ಹೇಳುತ್ತಾರೆ. ನನ್ನದು ಹೋಗಲಿಲ್ಲ, ಹೋಗಿದ್ದರೆ ಚೆನ್ನಾಗಿತ್ತು. ಆ ಸೇನಾಪತಿಯ ಅಧ್ಯಾಯ ಬರೆದ ಹಾಗೇ ನಿಜವಾದರೆ, ನನ್ನ ಅಪ್ಪನನ್ನು ಕತ್ತಲಿನಿಂದ ಎತ್ತಿ ತಂದ ದೇವರೇ ಅದಕ್ಕೆ ಬದಲಾಗಿ ನನ್ನ ಅಕ್ಕನನ್ನು ತೆಗೆದುಕೊಂಡವನು, ಅವನೆದುರು ನಾನು ಮೊಣಕಾಲೂರಲಾರೆ. ನಿಜವಲ್ಲವೆಂದರೆ, ಯಾರೂ ಕೇಳದ ಒಂದು ಮಾತಿಗೆ ಅಕ್ಕನ ಬಾಳು ಹೋಯಿತು. ಯಾವ ಕಡೆ ತಿರುಗಿದರೂ ಅಲ್ಲಿ ಅಕ್ಕ ನಿಂತಿರುತ್ತಿದ್ದಳು. ಹಾಸ್ಟೆಲಿನ ಗೆಳತಿಯರು ತಮ್ಮ ತಮ್ಮ ಮಾತಿನಲ್ಲಿ ದೇವರೊಡನೆ ಹರಟುತ್ತಿದ್ದರು. ನಾನೂ ಪ್ರಯತ್ನಿಸಿದೆ, ನನ್ನ ಮಾತು ಅಪ್ಪ ಹೇಳಿದ ಕಸದಂತೆಯೇ ಕೇಳಿಸಿತು. ವೇದದ ಮಾತು ಎತ್ತಿಕೊಂಡರೆ, ಇದು ಯಾರನ್ನು ಕಟ್ಟಿಹಾಕೀತೋ ಎಂದು ನಾಲಿಗೆ ನಿಲ್ಲುತ್ತಿತ್ತು. ಆ ವರ್ಷಗಳ ದಿನಚರಿಯಲ್ಲಿ ಭಾನುವಾರಗಳ ಎದುರಿಗೆ ಹವೆ ಹೇಗಿತ್ತು ಎಂಬುದನ್ನಷ್ಟೇ ಬರೆದಿದ್ದೇನೆ.

ಗುಮಾಸ್ತ ಸ್ವಲ್ಪ ಕಾಲ ಕಾದ. ಆಮೇಲೆ ವರ್ಗವಾಗಿ ಜೋಲಾರ್‌ಪೇಟೆ ಕಡೆ ಹೋದ, ಅಲ್ಲಿ ಅವನ ಮದುವೆಯಾಯಿತು. ಅಕ್ಕ ಬಂಗಾರಪೇಟೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದರ ಮೇಲ್ವಿಚಾರಕಿಯಾದಳು, ಅಲ್ಲೇ ವಾಸ. ದೇವರ ಕೆಲಸ ಎಂದು ಅಪ್ಪ ಒಪ್ಪಿದ. ಕೆಲಸದಿಂದ ನಿವೃತ್ತನಾದ ಮೇಲೆ ಅವನು ಆಗಾಗ ರೈಲಿನಲ್ಲಿ ರಾಗಿ ಹಿಟ್ಟಿನ ಚೀಲ ಹೊತ್ತು ಹೋಗಿ, ಹಾಸ್ಟೆಲಿನ ಹೊರಗಿನ ಬೆಂಚಿನ ಮೇಲೆ ಕೂತು ಬರುತ್ತಿದ್ದ. ಅವಳು ನೀರು ತಂದುಕೊಡುತ್ತಿದ್ದಳಂತೆ, ಅವನು ಕಾಲು ತೊಳೆಯುತ್ತಿದ್ದನಂತೆ. ಗಣಿ ಧೂಳಿನ ಕೆಮ್ಮಿನಲ್ಲೇ ಅಪ್ಪ ಹೋದ. ಕೇಜು ಇಳಿಯುವ ಭಯ ಮುಗಿದು ಆಗ ಎಷ್ಟೋ ಕಾಲವಾಗಿತ್ತು, ಅಕ್ಕನ ಕೂದಲು ಕಿವಿಯ ಹತ್ತಿರ ನರೆತಿತ್ತು.

ಅಪ್ಪನ ಸಾವಿನ ಮುಂದಿನ ವರ್ಷವಿರಬೇಕು, ನಾನು ಅವಳನ್ನು ನೋಡಲು ಹೋಗಿದ್ದೆ. ಹಾಸ್ಟೆಲಿನ ಹಿಂಬದಿಗೆ ರೈಲು ಹಳಿ. ಸಂಜೆಯ ಸಾರಿಗೆ ಅವಳು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು, ನಾನೂ ಕೂತೆ. ಹುಡುಗಿಯರ ತುಂಟತನ ಹೇಳಿ ನಗಿಸಿದಳು. ಅವರಲ್ಲೊಬ್ಬಳು ಊಟದ ಮುಂಚೆ ಪ್ರಾರ್ಥನೆ ಮಾಡುವಾಗ, ಸಾರಿಗೆ ಉಪ್ಪು ಹಾಕಲು ಅಕ್ಕನಿಗೆ ಬುದ್ಧಿ ಕೊಡು ಎಂದು ಕೇಳಿದಳಂತೆ. "ನೀನೇನು ಮಾಡಿದೆ?" ಅಂದೆ. "ಆಮೆನ್ ಅಂದೆ. ನಿಜ್ವಾಗ್ಲೂ ಉಪ್ಪಿರ್ಲಿಲ್ಲ," ಅಂದಳು.

ಆಗ ನನಗೆ ಧೈರ್ಯ ಬಂತು. ಹಲವು ವರ್ಷಗಳಿಂದ ನನ್ನೊಳಗೆ ಕೂತಿದ್ದದ್ದು ಇಷ್ಟೇ. ಆ ಹಿತ್ತಾಳೆ ಚೊಂಬು ಇರುತ್ತಿದ್ದ ಜಾಗ ಅಡುಗೆ ಕೋಣೆಯ ನೀರಿನ ಹಂಡೆಯ ಮೇಲೆ. ಬೀದಿಯಲ್ಲಿದ್ದ ನನ್ನ ಕೈಗೆ ಅದು ಬರಬೇಕಾದರೆ ಎರಡೇ ದಾರಿ. ಅಕ್ಕ ಅದನ್ನು ಗೇಟಿನವರೆಗೆ ತಂದು ನನ್ನ ಕೈಗಿತ್ತು ಮತ್ತೆ ಬಾಗಿಲಿಗೆ ಹೋಗಿರಬೇಕು. ಅಥವಾ ಕೂಗು ಕೇಳಿದ್ದೇ ನಾನು ಒಳಗೋಡಿ, ನೀರು ಮೊಗೆದುಕೊಂಡು, ಆ ಬಾಗಿಲಿನಿಂದ, ಅವಳಿಗಿಂತ ಮೊದಲು, ಹೊರಬಂದಿರಬೇಕು. ಅಪ್ಪನ ಕಣ್ಣಿನಲ್ಲಿ ಧೂಳಿತ್ತು. ನೋಡಿದವಳು ಅಕ್ಕ ಒಬ್ಬಳೇ. ದೀಪದ ಬತ್ತಿ ಸರಿಮಾಡುತ್ತ ಆ ಸಂಜೆ ಸುಮ್ಮನಿದ್ದವಳೂ ಅವಳೇ.

ಕೇಳಿದೆ. ಅವಳ ಕೈ ನಿಂತಿತು. ಅಷ್ಟರಲ್ಲಿ ಗೂಡ್ಸ್ ಗಾಡಿ ಬಂತು, ಉದ್ದನೆಯದು, ಕಿಟಕಿಯ ಸರಳುಗಳೆಲ್ಲ ಅದುರಿದವು. ಅದು ಪೂರಾ ಹೋಗುವವರೆಗೂ ಅವಳು ಹಳಿಯ ಕಡೆ ನೋಡುತ್ತಿದ್ದಳು. ಆಮೇಲೆ ಮೊರವನ್ನು ನನ್ನತ್ತ ತಳ್ಳಿ, "ಎಳೇದು ಬ್ಯಾರೆ ಆಕು, ಬಲ್ತಿರೋದು ಬ್ಯಾರೆ," ಅಂದಳು. ನಾನು ಬೇರೆ ಹಾಕಿದೆ. ಅದಾದ ಮೇಲೆ ಎಷ್ಟೋ ಸಲ ಹೋಗಿ ಬಂದಿದ್ದೇನೆ, ಅವಳು ಆ ಮಾತಿಗೆ ಬಂದಿಲ್ಲ. ನಾನು ಕೇಳಿದ್ದು ಹೀಗೆ:

"ಆವತ್ತು ಚೊಂಬು ನನ್ನ ಕೈಗೆ ಎಂಗ್ ಬಂತು ಅಕ್ಕ?"